ಬಿರುಕು ಎಲ್ಲಿಂದ ಬರುತ್ತದೆ?

ಬೋಧನಾಭ್ಯಾಸದ ಎರಡನೇ ವಾರ ಬಂಗಾರಪೇಟೆ ಕಡೆಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ಶ್ರವಣಾತೀತ ಶಬ್ದದ ಉಪಯೋಗಗಳನ್ನು ಹಲಗೆಯ ಮೇಲೆ ಪಟ್ಟಿ ಮಾಡಿದೆ. ಲೋಹದೊಳಗಿನ ಬಿರುಕು ಪತ್ತೆ ಅವುಗಳಲ್ಲೊಂದು. ರೈಲು ಹಳಿಗಳನ್ನೂ ಹೀಗೆ ಪರೀಕ್ಷಿಸುತ್ತಾರೆ ಎಂದೆ. ಒಬ್ಬ ಹುಡುಗಿ ಎದ್ದು ನಿಂತು, “ಚೆನ್ನಾಗಿರೋ ಕಬ್ಬಿಣದಲ್ಲಿ ಬಿರುಕು ಎಲ್ಲಿಂದ ಬರುತ್ತೆ ಮಿಸ್?” ಎಂದು ಕೇಳಿದಳು. “ಭಾರ ಜಾಸ್ತಿಯಾದರೆ” ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಪಾಠಯೋಜನೆಯಂತೆ ಅವಧಿ ಸರಿಯಾಗಿ ಮುಗಿಯಿತು. ನನ್ನ ಉತ್ತರ ಮಾತ್ರ ಮುಖ್ಯ ಕಾರಣವನ್ನೇ ಬಿಟ್ಟಿತ್ತು.

ಲೋಹ ಮುರಿಯಲು ಭಾರ ಮಿತಿ ಮೀರಲೇಬೇಕೆಂದಿಲ್ಲ. ಸುಲಭವಾಗಿ ಹೊರಬಲ್ಲ ಹೊರೆಯೇ ಮತ್ತೆ ಮತ್ತೆ ಬಂದು ಹೋದರೆ ಸಣ್ಣ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಮುರಿಯುತ್ತದೆ. ಇದೇ ಲೋಹದ ದಣಿವು. ಇದರ ಮೊದಲ ಪ್ರಯೋಗಗಳು ನಡೆದದ್ದು ಗಣಿಗಾಗಿ. ಜರ್ಮನಿಯ ಕ್ಲೌಸ್ಟಾಲ್‌ನಲ್ಲಿ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1829ರ ಸುಮಾರಿಗೆ ಗಣಿಯ ಎತ್ತುಸರಪಳಿಗಳನ್ನು ಮತ್ತೆ ಮತ್ತೆ ಹೊರೆಗೆ ಒಡ್ಡಿ ನೋಡಿದ. 1834ರಲ್ಲಿ ಸರಪಳಿಯ ಬದಲು ತಂತಿಹಗ್ಗವನ್ನೇ ಬಳಕೆಗೆ ತಂದ. ಮೂರು ಕಿ.ಮೀ.ಗೂ ಆಳದ ಚಾಂಪಿಯನ್ ರೀಫ್ ಇದ್ದ ಕೆ.ಜಿ.ಎಫ್.ನ ಗಣಿಗಳಿಗೆ 2001ರವರೆಗೂ ಜನ ಇಳಿದದ್ದು ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಪಂಜರಗಳಲ್ಲಿ. ನಮ್ಮ ಎಷ್ಟೋ ಮಕ್ಕಳ ತಾತಂದಿರು ಹಾಗೆ ಇಳಿದವರು.

ಇಂದು ಅದೇ ಮನೆಗಳವರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಿಂದ ಸುಮಾರು 70 ಕಿ.ಮೀ. ಬೋಗಿಯ ಚಕ್ರದ ವ್ಯಾಸ ಸುಮಾರು 0.9 ಮೀಟರ್ ಎಂದಿಟ್ಟುಕೊಂಡರೆ ಒಂದು ಪ್ರಯಾಣಕ್ಕೆ ಚಕ್ರ 25 ಸಾವಿರ ಸುತ್ತು, ಹೋಗಿಬರಲು 50 ಸಾವಿರ ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಆಕ್ಸಲ್‌ನ ಮೇಲ್ಮೈ ಒಮ್ಮೆ ಎಳೆತಕ್ಕೆ, ಒಮ್ಮೆ ಅದುಮಿಗೆ ಸಿಗುತ್ತದೆ. ವರ್ಷಕ್ಕೆ 300 ದಿನವಾದರೆ ಒಂದೂವರೆ ಕೋಟಿ ಸಲ.

ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಆಕ್ಸಲ್‌ಗಳನ್ನು ಪರೀಕ್ಷಿಸಿದ ಆಗಸ್ಟ್ ವೋಲರ್, ಹೊರೆ ತಗ್ಗಿದಷ್ಟೂ ಉಕ್ಕು ಹೆಚ್ಚು ಸಲ ತಾಳುತ್ತದೆ ಎಂದು ತೋರಿಸಿದ. ಒಂದು ಕೋಟಿ ಸಲ ತಾಳಿದ ಉಕ್ಕು ಎಂದೆಂದಿಗೂ ತಾಳುತ್ತದೆ ಎಂದು ಬಹುಕಾಲ ನಂಬಿದ್ದರು. ಅದನ್ನು ಪರೀಕ್ಷಿಸಲು ಹಳೆಯ ಯಂತ್ರಗಳಿಗೆ ವ್ಯವಧಾನವಿರಲಿಲ್ಲ. ಸೆಕೆಂಡಿಗೆ 20 ಸಲ ಹೊರೆ ಹಾಕಿದರೆ ನೂರು ಕೋಟಿ ತಲುಪಲು ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ಶ್ರವಣಾತೀತ ದಣಿವು ಪರೀಕ್ಷೆಯಲ್ಲಿ ಲೋಹದ ಸಣ್ಣ ತುಂಡನ್ನು 20,000 ಹರ್ಟ್ಸ್‌ನಲ್ಲಿ ಅನುರಣಿಸುವಂತೆ ಕಂಪಿಸುತ್ತಾರೆ; ಕಾಯದಂತೆ ತಂಪಾಗಿಡುತ್ತಾರೆ. ನಮ್ಮ ರೈಲಿನ ಒಂದು ದಿನದ 50 ಸಾವಿರ ಸುತ್ತುಗಳಷ್ಟು ಆವರ್ತ ಎರಡೂವರೆ ಸೆಕೆಂಡಿನಲ್ಲಿ, ನೂರು ಕೋಟಿ ಸುಮಾರು 14 ಗಂಟೆಯಲ್ಲಿ ಮುಗಿಯುತ್ತದೆ. ಹೀಗೆ ನೋಡಿದಾಗ ಕೆಲವು ಗಟ್ಟಿ ಉಕ್ಕುಗಳು ಒಂದು ಕೋಟಿ ದಾಟಿದ ಮೇಲೂ ಮುರಿದವು. ಬಿರುಕು ಹೆಚ್ಚಾಗಿ ಹುಟ್ಟಿದ್ದು ಮೇಲ್ಮೈಯಲ್ಲಲ್ಲ, ಒಳಗೆ ಸಿಕ್ಕಿಕೊಂಡ ಅಲೋಹದ ಕಣದ ಸುತ್ತ. ಕಣ್ಣಿಗೆ ಕಾಣದ ಇಂಥ ಬಿರುಕಿಗಾಗಿಯೇ ಶ್ರವಣಾತೀತ ಪತ್ತೆ ಬೇಕು. ಎರಡನ್ನೂ ಬೆರೆಸಬಾರದು: ಒಂದರಲ್ಲಿ ಆ ಕಂಪನ ಲೋಹವನ್ನು ದಣಿಸುತ್ತದೆ, ಇನ್ನೊಂದರಲ್ಲಿ ಪ್ರತಿಧ್ವನಿ ಬಿರುಕಿನ ಜಾಗ ಹೇಳುತ್ತದೆ.

ಪಠ್ಯದಲ್ಲಿ ಇದು ಒಂದೇ ಸಾಲು, ನಲವತ್ತು ನಿಮಿಷ ಎಲ್ಲಿಂದ ತರುವುದು ಎಂದು ಸಹಪಾಠಿಗಳು ಕೇಳುತ್ತಾರೆ. ಪಾಠ ಮುಗಿಸುವ ಒತ್ತಡ ನನಗೂ ಗೊತ್ತು. ಆದರೆ ಹಳಿಯ ಪಕ್ಕದಲ್ಲೇ ಬೆಳೆದ ಮಕ್ಕಳಿಗೆ ಆ ಒಂದು ಸಾಲನ್ನು ಅರ್ಧ ನಿಮಿಷದಲ್ಲಿ ಓದಿ ದಾಟುವುದು ಸರಿಯಲ್ಲ. ಉಪಕರಣವೂ ಬೇಡ, ಪೇಪರ್ ಕ್ಲಿಪ್ ಸಾಕು.

ಕೊನೆಯ ವಾರ ಅದೇ ತರಗತಿಯಲ್ಲಿ ಹದಿನೈದು ನಿಮಿಷ ಕೇಳಿ ಪಡೆದೆ. ಅಂದಿನ ಉತ್ತರ ಅರೆಬರೆಯಾಗಿತ್ತು ಎಂದು ಮೊದಲು ಒಪ್ಪಿಕೊಂಡೆ. ಮಕ್ಕಳು ಕ್ಲಿಪ್ಪನ್ನು ಹಿಂದೆ ಮುಂದೆ ಬಾಗಿಸಿ ಎಣಿಸಿದರು. ಒಬ್ಬನದು 11ಕ್ಕೆ ಮುರಿಯಿತು, ಇನ್ನೊಬ್ಬಳದು 26ಕ್ಕೆ. “ಯಾವುದು ಸರಿ ಮಿಸ್?” ಎಂದರು. ಎರಡೂ ಸರಿ. ಒಂದೇ ಡಬ್ಬಿಯ ಕ್ಲಿಪ್ಪುಗಳೂ ಒಂದೇ ಎಣಿಕೆಗೆ ಮುರಿಯುವುದಿಲ್ಲ. ಬಾಗಿಸುವ ಕೈಯೂ ಒಂದೇ ಅಲ್ಲ. ದಣಿವಿನ ಲೆಕ್ಕ ಹೀಗೆ ಚದುರುವುದರಿಂದಲೇ ಎಂಜಿನಿಯರರು ಹಲವು ತುಂಡುಗಳನ್ನು ಪರೀಕ್ಷಿಸುತ್ತಾರೆ, ರೈಲ್ವೆಯವರು ಹಳಿಯನ್ನು ಮತ್ತೆ ಮತ್ತೆ ನೋಡುತ್ತಾರೆ.

ನನ್ನ ಪಾಠಯೋಜನೆಯ ‘ನಿರೀಕ್ಷಿತ ಫಲಿತಾಂಶ’ ಕಾಲಂನಲ್ಲಿ 15 ಎಂದು ಬರೆದಿದ್ದೆ. ಅದನ್ನು ಹೊಡೆದು, ಮಕ್ಕಳ ಮೂವತ್ತೆರಡು ಎಣಿಕೆಗಳನ್ನೂ ಬರೆದುಕೊಂಡೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳೂ ಆ ಕಾಲಂ ಅನ್ನು ತರಗತಿ ಮುಗಿದ ಮೇಲೆ ತುಂಬಲಿ, ಮಾರ್ಗದರ್ಶಕರು ಅದಕ್ಕೆ ಅಂಕ ಕಳೆಯದಿರಲಿ ಎಂಬುದು ನನ್ನ ಕೋರಿಕೆ.