ಅಟ್ಟದ ಮೇಲಿನ ಸ್ಟೀರಿಯೋ ಗುಜರಿಯಲ್ಲ

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಪಠ್ಯದ ವಿಷಯದಲ್ಲಿ ಭಾರೀ ಮಡಿ. ವಚನವೊಂದರ ಪಾಠಾಂತರಕ್ಕೆ ಅರ್ಧ ದಿನ ಜಗಳವಾಡುತ್ತೇವೆ. ಅಚ್ಚಿನ ತಪ್ಪು ಸಿಕ್ಕಿದರೆ ಪ್ರಕಾಶಕರನ್ನು ಜಾಲಾಡುತ್ತೇವೆ. ಆದರೆ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನವನ್ನು ಫೋನಿನ ಬುಡದಲ್ಲಿರುವ ಸಣ್ಣ ತೂತುಗಳಿಂದ ಕೇಳಿ ‘ಆಹಾ’ ಎನ್ನುತ್ತೇವೆ. ಓದುವ ಪುಸ್ತಕಕ್ಕೆ ಕೊಡುವ ಮರ್ಯಾದೆ ಕೇಳುವ ಹಾಡಿಗೆ ಯಾಕಿಲ್ಲ?

ಉತ್ತರ ಸಿದ್ಧವಾಗಿರುತ್ತದೆ: ‘ಒಳ್ಳೆಯ ಸೆಟ್‌ಗೆ ದುಡ್ಡೆಲ್ಲಿದೆ ಮಾರಾಯ?’ ದುಡ್ಡಿಲ್ಲ ಎಂಬುದೇನೋ ನಿಜ. ಫೆಲೋಶಿಪ್ ಯಾವ ತಿಂಗಳು ಬರುತ್ತದೋ ಎಂದು ಕಾಯುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಒಳ್ಳೆಯ ಧ್ವನಿಗೆ ಬೇಕಾದ್ದರಲ್ಲಿ ಬಹುಪಾಲು ನಮ್ಮಲ್ಲಿ ಅನೇಕರ ಮನೆಯಲ್ಲಿ ಈಗಾಗಲೇ ಇದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅಪ್ಪಂದಿರು ಕಂತು ಕಟ್ಟಿ ಕೊಂಡ ಸ್ಟೀರಿಯೋಗಳು ಅಟ್ಟದ ಮೇಲೆ ಹಳೆ ಪಾತ್ರೆಗಳ ನಡುವೆ ಕೂತಿವೆ. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಅಲ್ಲಿಂದಾಚೆಗೆ ಭಾವಗೀತೆ ಮನೆಮನೆ ಹೊಕ್ಕಿದ್ದು ಇಂಥ ಪೆಟ್ಟಿಗೆಗಳ ಮೂಲಕವೇ. ಇವನ್ನು ಗುಜರಿ ಎಂದು ಕರೆದವರು ಯಾರು? ಯಾರ ಲಾಭಕ್ಕೆ?

ದಾವಣಗೆರೆಯ ನಮ್ಮ ಮನೆಯ ಸೆಟ್ 1994ರದು. ಒಂದು ಆಂಪ್ಲಿಫೈಯರ್, ಒಂದು ಟೇಪ್ ಡೆಕ್, ಮರದ ಪೆಟ್ಟಿಗೆಯ ಎರಡು ಸ್ಪೀಕರ್. ಕಳೆದ ವರ್ಷ ಹಾಕಿ ನೋಡಿದಾಗ ವಾಲ್ಯೂಮ್ ತಿರುಗಿಸಿದರೆ ಕರಕರ. ಒಂದು ಕಡೆ ಧ್ವನಿಯೇ ಇಲ್ಲ, ಇನ್ನೊಂದು ಕಡೆ ಹರಿದ ತಮಟೆಯ ಸದ್ದು. ದೊಡ್ಡದೊಂದು ಶೋರೂಮಿನಲ್ಲಿ ವಿಚಾರಿಸಿದೆ. ಸೆಟ್ ಕಣ್ಣಿಂದ ನೋಡದೆಯೇ, ‘ಇದಕ್ಕೆಲ್ಲ ಪಾರ್ಟ್ಸ್ ಸಿಗಲ್ಲ ಸರ್. ಸೌಂಡ್‌ಬಾರ್ ತಗೊಳ್ಳಿ, ಇಪ್ಪತ್ತೆಂಟು ಸಾವಿರ, ಇಎಂಐ ಇದೆ’ ಎಂದರು. ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಮಾತ್ರ ಸ್ಪೀಕರಿನ ಜಾಲರಿ ಕಿತ್ತು ವೂಫರಿನ ಅಂಚಿಗೆ ಬೆರಳು ತಾಗಿಸಿದರು. ಅಂಚು ಪುಡಿಪುಡಿಯಾಗಿ ಉದುರಿತು. ‘ಕೋನ್ ಚೆನ್ನಾಗೈತಿ, ಕಾಯಿಲ್ ಚೆನ್ನಾಗೈತಿ. ಸುತ್ತಲಿನ ಫೋಮ್ ಹೋಗೈತಿ, ಅಷ್ಟೇ ನೋಡು ತಮ್ಮಾ’ ಎಂದರು.

ಆ ಕಾಲದ ಎಷ್ಟೋ ಸ್ಪೀಕರುಗಳ ‘ಸಾವು’ ಇಷ್ಟೇ. ಕೋನನ್ನು ಹಿಡಿದುಕೊಂಡಿರುವ ಫೋಮಿನ ಬಳೆ ಗಾಳಿಯ ತೇವಕ್ಕೆ ಹದಿನೈದಿಪ್ಪತ್ತು ವರ್ಷದಲ್ಲಿ ಕೊಳೆಯುತ್ತದೆ, ಬಳಸಿದರೂ ಬಳಸದಿದ್ದರೂ. ಹೊಸ ಬಳೆ ಅಂಟಿಸಿದರೆ ಸ್ಪೀಕರ್ ಮತ್ತೆ ಹಾಡುತ್ತದೆ. ವಾಲ್ಯೂಮಿನ ಕರಕರ ಬರೀ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ಸತ್ತಂತಿದ್ದ ಕಡೆಯಲ್ಲಿ ಒಂದು ಬೆಸುಗೆ ಬಿಟ್ಟಿತ್ತು. ಒಣಗಿದ್ದ ಎರಡು ಕೆಪ್ಯಾಸಿಟರ್ ಬದಲಾಯಿಸಿದ್ದೂ ಸೇರಿ ಕೂಲಿಸಹಿತ 3,400 ರೂಪಾಯಿ. ಫೋನಿನಿಂದ ಹಾಡು ಕಳಿಸಲು ಹಿಂಬದಿಯ ಆಕ್ಸ್ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ರಿಸೀವರಿಗೆ 1,200. ಒಟ್ಟು 4,600. ಸೌಂಡ್‌ಬಾರಿನ ಬೆಲೆಯ ಆರನೇ ಒಂದು ಭಾಗಕ್ಕಿಂತ ಕಡಿಮೆ.

ಇದನ್ನು ಜುಗ್ಗತನ ಎಂದು ನಗುವವರಿದ್ದಾರೆ. ಜುಗ್ಗತನದ ಮಾತು ಹಾಗಿರಲಿ, ಮೊದಲು ಧ್ವನಿಯ ಲೆಕ್ಕ ನೋಡೋಣ. ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿಯ ಖರಜದ ತಂತಿ ಸುಮಾರು 70 ಹರ್ಟ್ಸ್ ಆಸುಪಾಸಿನಲ್ಲಿ ಮಿಡಿಯುತ್ತದೆ. ಫೋನಿನ ಸ್ಪೀಕರ್ ಆ ಸ್ವರವನ್ನು ನುಡಿಸುವುದೇ ಇಲ್ಲ. ಅದರ ಮೇಲಿನ ಸ್ವರಗಳನ್ನಷ್ಟೇ ಕೇಳಿಸಿಕೊಂಡು ಮೂಲಸ್ವರವನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತದೆ. ಗೈಡ್ ಓದಿ ಪರೀಕ್ಷೆ ಬರೆಯುವವರನ್ನು ಹಂಗಿಸುವ ನಾವು ಸಂಗೀತವನ್ನು ಕೇಳುತ್ತಿರುವುದು ಗೈಡಿನ ಮೂಲಕವೇ. ಆ ಖರಜ ಬೇಕೆಂದರೆ ಸಾಕಷ್ಟು ಗಾಳಿಯನ್ನು ತಳ್ಳುವ ಕೋನ್ ಬೇಕು, ಅದಕ್ಕೆ ತಕ್ಕ ಪೆಟ್ಟಿಗೆ ಬೇಕು. ಅಟ್ಟದ ಮೇಲಿರುವುದು ಅದೇ.

ಹೊಸದು ಕೊಂಡೇ ತೀರುತ್ತೇನೆ ಎನ್ನುವವರಿಗೂ ಮಾರುಕಟ್ಟೆ ಕಲಿಸುವುದು ತಲೆಕೆಳಗಾದ ಕ್ರಮವನ್ನು. ತೊಂಬತ್ತರ ದಶಕದಲ್ಲಿ ಅಂಗೈಯಗಲದ ಟೇಪ್‌ರೆಕಾರ್ಡರಿನ ಮೇಲೂ ಸಾವಿರಾರು ‘ಪಿಎಂಪಿಓ’ ವ್ಯಾಟ್ ಎಂದು ಚೀಟಿ ಅಂಟಿಸಿ ಮಾರಿದರು. ಇಂದಿಗೂ ವ್ಯಾಟಿನ ಮೋಹ ಹೋಗಿಲ್ಲ. 50 ವ್ಯಾಟಿನ ಆಂಪ್ಲಿಫೈಯರ್ ಬಿಟ್ಟು 100 ವ್ಯಾಟಿನದನ್ನು ಕೊಂಡರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಅದರ ಬದಲು 87 ಡೆಸಿಬೆಲ್ ಸಂವೇದನೆಯ ಸ್ಪೀಕರಿನ ಜಾಗದಲ್ಲಿ 90ರದ್ದನ್ನು ಇಟ್ಟರೆ ಅದೇ 3 ಡೆಸಿಬೆಲ್ ಸಿಗುತ್ತದೆ, ಹಳೆ ಆಂಪ್ಲಿಫೈಯರಿನಲ್ಲೇ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ರಿಪೇರಿ, ಆಮೇಲೂ ದುಡ್ಡು ಉಳಿದರೆ ಸ್ಪೀಕರ್, ಕೊನೆಗೆ ಆಂಪ್ಲಿಫೈಯರ್.

ಇನ್ನೊಂದು ತುದಿಯಲ್ಲಿ ‘ಆಡಿಯೋಫೈಲ್’ ಎಂಬ ಹೊಸ ಮಠಾಧೀಶರಿದ್ದಾರೆ. ಮೀಟರಿಗೆ ಸಾವಿರಗಟ್ಟಲೆ ಬೆಲೆಯ ಕೇಬಲ್ ಹಾಕದಿದ್ದರೆ ನೀವು ಕೇಳುತ್ತಿರುವುದು ಸಂಗೀತವೇ ಅಲ್ಲ ಎಂಬುದು ಇವರ ಉಪದೇಶ. ಮೂರು ನಾಲ್ಕು ಮೀಟರ್ ದೂರಕ್ಕೆ ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಧಾರಾಳ ಸಾಕು. ನಿಜವಾಗಿ ಧ್ವನಿಯನ್ನು ಬದಲಿಸುವ ಕೆಲಸಗಳಿಗೆ ಕಾಸೇ ಬೇಡ. ಎರಡೂ ಸ್ಪೀಕರಿಗೆ ಕೆಂಪು, ಕಪ್ಪು ತಂತಿಗಳು ಒಂದೇ ರೀತಿ ಸೇರಿವೆಯೇ ನೋಡಿ. ಒಂದರಲ್ಲಿ ಅದಲುಬದಲಾಗಿದ್ದರೆ ತಗ್ಗಿನ ಸ್ವರಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಒಂದು ಸ್ಪೀಕರ್ ಶೋಕೇಸಿನ ನೆತ್ತಿಯ ಮೇಲೆ, ಇನ್ನೊಂದು ಸೋಫಾದ ಬೆನ್ನ ಹಿಂದೆ. ಎರಡನ್ನೂ ಮೂಲೆಯಿಂದ ಈಚೆಗೆ ತಂದು, ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟು, ಅವುಗಳ ನಡುವೆ ಇರುವಷ್ಟೇ ದೂರದಲ್ಲಿ ಎದುರಿಗೆ ಕುಳಿತುಕೊಳ್ಳಿ. ಹಾಡುವವರು ಎರಡು ಪೆಟ್ಟಿಗೆಗಳ ನಡುವೆ ಬಂದು ಕೂರುತ್ತಾರೆ.

ಎಲ್ಲ ಹಳೆ ಸೆಟ್ಟೂ ಉಳಿಸಲು ಯೋಗ್ಯ ಎಂದು ನಾನು ಹೇಳುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ, ಬೇಕಾದ ಐಸಿ ಎಲ್ಲೂ ಸಿಗದಿದ್ದರೆ ಬಿಟ್ಟುಬಿಡುವುದೇ ಸರಿ. ಆಂಪ್ಲಿಫೈಯರನ್ನು ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್ ಶಾಕ್ ಹೊಡೆಯಬಲ್ಲದು. ಆದರೆ ‘ಇದು ಸತ್ತಿದೆ’ ಎಂಬ ತೀರ್ಪು ಕೊಡುವ ಅಧಿಕಾರ ಹೊಸದನ್ನು ಮಾರುವವರ ಕೈಯಲ್ಲಿ ಇರಬಾರದು. ಆಸ್ತಿ ಬರೆಸಿಕೊಳ್ಳುವವನೇ ನಾಡಿ ನೋಡಿದರೆ ಹೇಗೆ?

ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಅದಕ್ಕೆಂದೇ ಒಂದು ಪೋರ್ಟಲ್ಲೂ ಬಂತು. ಒಳ್ಳೆಯದೇ. ಆದರೆ ಹಕ್ಕು ಕಾಗದದ ಮೇಲೆ ಬರುವ ಹೊತ್ತಿಗೆ ರಿಪೇರಿ ಬಲ್ಲ ಕೈಗಳು ಉಳಿದಿರಬೇಕಲ್ಲ? ಆ ಹಿರಿಯರ ಅಂಗಡಿಯಲ್ಲಿ ಈಗ ಅರ್ಧ ಜಾಗ ಮೊಬೈಲ್ ಕವರುಗಳಿಗೆ ಹೋಗಿದೆ. ಮಗ ಈ ಕೆಲಸಕ್ಕೆ ಬಂದಿಲ್ಲ. ಅವರ ಬೆರಳಿಗೆ ಗೊತ್ತಿರುವುದನ್ನು ಯಾರೂ ಬರೆದಿಟ್ಟಿಲ್ಲ. ಜಾನಪದ ಹಾಡು ಸಂಗ್ರಹಿಸಲು ಟೇಪ್‌ರೆಕಾರ್ಡರ್ ಹಿಡಿದು ಊರೂರು ಅಲೆದ ಅಧ್ಯಯನ ಪರಂಪರೆ ನಮ್ಮದು. ಆ ಟೇಪ್‌ರೆಕಾರ್ಡರನ್ನು ಉಳಿಸಿಕೊಟ್ಟವರ ವಿದ್ಯೆ ನಮಗೆ ವಿದ್ಯೆಯಾಗಿ ಕಾಣಲೇ ಇಲ್ಲ.

ಆದ್ದರಿಂದ, ಗೆಳೆಯರೇ, ಇಎಂಐ ಫಾರ್ಮಿಗೆ ಸಹಿ ಹಾಕುವ ಮುನ್ನ ಒಂದು ಭಾನುವಾರ ಅಟ್ಟ ಹತ್ತಿ. ಧೂಳು ಕೊಡವಿ, ಜಾಲರಿ ತೆಗೆದು ವೂಫರಿನ ಅಂಚು ನೋಡಿ. ನಿಮ್ಮೂರಿನಲ್ಲಿ ಸೋಲ್ಡರಿಂಗ್ ಐರನ್ ಇನ್ನೂ ಬಿಸಿಯಾಗುವ ಅಂಗಡಿ ಯಾವುದಿದೆ ಎಂದು ವಿಚಾರಿಸಿ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ.