ಸೊಂಟದ ಲೆಕ್ಕ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಿಂದ ಶಿವಾಜಿನಗರದ ಕಡೆಗೆ ಹೊರಳುವ ಒಂದು ಗಲ್ಲಿಯಲ್ಲಿ, ಒಬ್ಬ ಗಿರಾಕಿ ಒಳಗಿದ್ದರೆ ಇನ್ನೊಬ್ಬ ಹೊರಗೆ ಕಾಯಬೇಕಾದಷ್ಟು ಕಿರಿದಾದ ಅಂಗಡಿಯಲ್ಲಿ, ಮೂವತ್ತು ವರ್ಷಗಳಿಂದ ನನ್ನ ಬಟ್ಟೆ ಹೊಲಿಯುತ್ತಿರುವ ದರ್ಜಿಯೊಬ್ಬರಿದ್ದಾರೆ. ಗಿರಾಕಿಗಳ ಅಳತೆಗಳನ್ನೆಲ್ಲ ಅವರು ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟು, ಪುಟದ ಮೂಲೆಗೆ ಆಯಾ ಬಟ್ಟೆಯದೊಂದು ಚೂರನ್ನು ಪಿನ್ನಿನಿಂದ ಚುಚ್ಚಿಡುತ್ತಾರೆ. ಮೊನ್ನೆ ಮಗಳ ಮದುವೆಯ ನಿಮಿತ್ತ ಹೋಗಿದ್ದಾಗ, ನನ್ನ ಹಳೆಯ ಲೆಕ್ಕವನ್ನು ಹುಡುಕಿ ತೆಗೆದರು. ಹೆಸರಿನ ಕೆಳಗೆ ಒಂದರ ಕೆಳಗೊಂದು 30, 32, 34, 34, 34. ಕೊನೆಯ ಮೂರು ಅಂಕಿಗಳನ್ನು ಕಂಡು ನನಗೆ ಹೆಮ್ಮೆಯೇ ಆಯಿತು. "ನೋಡಿ, ಹದಿನೈದು ವರ್ಷದಿಂದ ಸೊಂಟ ಕದಲಿಲ್ಲ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಸೊಂಟ ಎಲ್ಲಿ ನಿಂತಿದೆ ಸಾರ್? ಪ್ಯಾಂಟು ಕೆಳಗಿಳಿದಿದೆ, ಅಷ್ಟೇ" ಎಂದರು.

ಆ ಮಾತಿನಲ್ಲಿ ವೈದ್ಯಶಾಸ್ತ್ರದ ಒಂದು ಅಧ್ಯಾಯವೇ ಅಡಗಿತ್ತೆಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಹೊಟ್ಟೆ ಮುಂದೆ ಬಂದಂತೆಲ್ಲ ಗಂಡಸು ಪ್ಯಾಂಟನ್ನು ಅದರ ಬುಡಕ್ಕೆ ಇಳಿಸಿ ಕಟ್ಟಿಕೊಳ್ಳುತ್ತಾನೆ. ಬೆಲ್ಟಿನ ತೂತು ಬದಲಾಗಲಿಲ್ಲವಾದುದರಿಂದ ತಾನೂ ಬದಲಾಗಿಲ್ಲವೆಂದು ನಂಬುತ್ತಾನೆ. ವೈದ್ಯಶಾಸ್ತ್ರ ಕೇಳುವ ಸೊಂಟವಾದರೋ ಬೇರೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟಾಗ, ಟೇಪು ಸುತ್ತಿದರೆ ಬರುವ ಅಳತೆ. ಅದು ನಮ್ಮ ದೇಶದ ಗಂಡಸರಲ್ಲಿ 90 ಸೆಂಟಿಮೀಟರು, ದರ್ಜಿಯ ಲೆಕ್ಕದಲ್ಲಿ ಸುಮಾರು 35.5 ಇಂಚು, ಹೆಂಗಸರಲ್ಲಿ 80 ಸೆಂಟಿಮೀಟರು ಮುಟ್ಟಿತೆಂದರೆ ಎಚ್ಚರಗೊಳ್ಳಬೇಕೆಂಬುದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2005ರಲ್ಲಿ ಎಳೆದ ಗೆರೆ. ಹೆಂಗಸರ ಪಾಡು ಇನ್ನೂ ಕಷ್ಟ. ಸೀರೆಗೆ ಸೈಜಿಲ್ಲ, ಲಂಗದ ಲಾಡಿ ಎಷ್ಟು ಬೇಕಾದರೂ ಸಡಿಲುತ್ತದೆ, ಗುಟ್ಟು ರಟ್ಟು ಮಾಡುವ ದರ್ಜಿಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಸೊಂಟವನ್ನೂ ಅಳೆದಾಗ, ದೇಶದ ನೂರು ಹೆಂಗಸರಲ್ಲಿ ಸುಮಾರು 40 ಮಂದಿ ಈ ಗೆರೆಯನ್ನು ದಾಟಿದ್ದರು.

ಸೊಂಟದ ಜೊತೆಗೆ ಇನ್ನೂ ನಾಲ್ಕು ಅಂಕಿಗಳಿವೆ. ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150ನ್ನು ಮುಟ್ಟುವುದು. ಒಳ್ಳೆಯ ಕೊಲೆಸ್ಟ್ರಾಲ್ ಎಂದು ಹೆಸರಾದ ಎಚ್‌ಡಿಎಲ್ ಗಂಡಸರಲ್ಲಿ 40ರಿಂದ, ಹೆಂಗಸರಲ್ಲಿ 50ರಿಂದ ಕೆಳಗಿಳಿಯುವುದು. ಬಿಪಿಯ ಮೇಲಿನಂಕಿ 130ನ್ನೋ ಕೆಳಗಿನಂಕಿ 85ನ್ನೋ ಮುಟ್ಟುವುದು. ಬರಿಹೊಟ್ಟೆಯ ಸಕ್ಕರೆ 100ಕ್ಕೆ ಏರುವುದು. ಈ ಐದರಲ್ಲಿ ಯಾವ ಮೂರು ಒಬ್ಬನಲ್ಲಿ ಕೂಡಿದರೂ ಅದನ್ನು ಮೆಟಬಾಲಿಕ್ ಸಿಂಡ್ರೋಮ್, ಎಂದರೆ ಚಯಾಪಚಯದ ಲಕ್ಷಣಕೂಟ, ಎನ್ನುತ್ತಾರೆ. ಅಂಥವನಿಗೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಐದು ಪಟ್ಟು, ಐದು-ಹತ್ತು ವರ್ಷಗಳೊಳಗೆ ಹೃದಯ ಹಾಗೂ ರಕ್ತನಾಳಗಳ ರೋಗ ಬರುವ ಸಂಭವ ಎರಡು ಪಟ್ಟು. ಗಮನಿಸಬೇಕಾದ ಅಂಶವೆಂದರೆ, ಈ ಅಂಕಿಗಳಲ್ಲಿ ಒಂದೊಂದೂ ಬಿಡಿಬಿಡಿಯಾಗಿ ನೋಡಿದರೆ ಭಯ ಹುಟ್ಟಿಸುವಂಥದಲ್ಲ. "ಸ್ವಲ್ಪ ಜಾಸ್ತಿ ಇದೆ, ಆರು ತಿಂಗಳು ಬಿಟ್ಟು ನೋಡೋಣ" ಎಂದು ಕಳುಹಿಸಿಬಿಡುವಷ್ಟು ಸೌಮ್ಯವಾದ ಅಂಕಿಗಳಿವು.

ಇಂದಿರಾನಗರದಲ್ಲಿರುವ ನನ್ನ ಷಡ್ಡಕರ ಮನೆಯ ಬೀರುವಿನಲ್ಲಿ ಮೂರು ಫೈಲುಗಳಿದ್ದವು: ಬಿಪಿಯದು ಹಸಿರು, ಶುಗರಿನದು ನೀಲಿ, ಕೊಲೆಸ್ಟ್ರಾಲಿನದು ಕೆಂಪು. ಮೂರು ಫೈಲುಗಳಿಗೆ ಮೂವರು ಡಾಕ್ಟರು. ಮೂವರೂ ತಮ್ಮ ತಮ್ಮ ಅಂಕಿಯನ್ನು ಶ್ರದ್ಧೆಯಿಂದ ಕಾದವರು. ಐವತ್ತೊಂದನೆಯ ವಯಸ್ಸಿನಲ್ಲಿ ನಡುರಾತ್ರಿ ಎದೆ ಹಿಡಿದುಕೊಂಡು ಆಂಬ್ಯುಲೆನ್ಸಿನಲ್ಲಿ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ, ಅವರ ಹೆಂಡತಿ ಆ ಮೂರನ್ನೂ ಒಂದೇ ಲಾಡಿಯಲ್ಲಿ ಕಟ್ಟಿಟ್ಟಳು. ಆಕೆ ತಿಳಿದು ಮಾಡಿದಳೋ ತಿಳಿಯದೆ ಮಾಡಿದಳೋ ಕಾಣೆ. ಆದರೆ ಅಷ್ಟು ವರ್ಷಗಳಲ್ಲಿ ಯಾರೂ ಮಾಡದಿದ್ದ ರೋಗನಿರ್ಣಯವನ್ನು ಆ ಗಂಟು ಮಾಡಿತ್ತು.

ಈ ಗಂಟನ್ನು ಶಾಸ್ತ್ರದಲ್ಲಿ ಕಟ್ಟಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರಾಲ್ಡ್ ರೀವೆನ್ ಎಂಬ ವೈದ್ಯರು. 1988ರ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಅವರು ಅದನ್ನು 'ಸಿಂಡ್ರೋಮ್ ಎಕ್ಸ್' ಎಂದು ಕರೆದರು. ಅವರ ವಾದದ ತಿರುಳು ಇನ್ಸುಲಿನ್‌ಗೆ ದೇಹ ತೋರುವ ಅಸಡ್ಡೆ. ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಸಾಧು. ಕರುಳು-ಯಕೃತ್ತುಗಳ ಸುತ್ತ ಕೂತ ಒಳಗೊಬ್ಬು ಹಾಗಲ್ಲ, ಅದು ತನ್ನ ಕೊಬ್ಬಿನಾಮ್ಲಗಳನ್ನು ನೇರವಾಗಿ ಯಕೃತ್ತಿಗೆ ಸುರಿಯುತ್ತದೆ. ಆಗ ಯಕೃತ್ತು ತಾನೂ ಕೊಬ್ಬಿ, ಟ್ರೈಗ್ಲಿಸರೈಡನ್ನು ರಕ್ತಕ್ಕೆ ತಳ್ಳುತ್ತದೆ, ಎಚ್‌ಡಿಎಲ್ ಕುಗ್ಗುತ್ತದೆ. ಇನ್ಸುಲಿನ್ನಿನ ಮಾತು ಯಕೃತ್ತಾಗಲಿ ಸ್ನಾಯುಗಳಾಗಲಿ ಕೇಳದಿರುವುದರಿಂದ, ಮೇದೋಜೀರಕಾಂಗವು ಮೊದಲಿಗಿಂತ ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹೇಗೋ ಹತೋಟಿಯಲ್ಲಿಡುತ್ತದೆ. ಆ ಹೆಚ್ಚಿನ ಇನ್ಸುಲಿನ್ನೇ ಮೂತ್ರಪಿಂಡಗಳಲ್ಲಿ ಉಪ್ಪನ್ನು ತಡೆಹಿಡಿದು ಬಿಪಿಯನ್ನು ಏರಿಸಲು ನೆರವಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಮೇದೋಜೀರಕಾಂಗ ದಣಿದ ದಿನ ಸಕ್ಕರೆ ಕಾಯಿಲೆ 'ಬಂತು' ಎನ್ನುತ್ತೇವೆ. ಹೃದಯದ ರಕ್ತನಾಳಗಳಾದರೋ ಆ ದಿನಕ್ಕಾಗಿ ಕಾದಿರುವುದಿಲ್ಲ. ಈ ಒಟ್ಟು ಹೆಸರೇ ಬೇಡ, ಬಿಡಿ ಅಂಕಿಗಳೇ ಸಾಕೆಂದು ಅಮೆರಿಕ ಮತ್ತು ಯೂರೋಪಿನ ಮಧುಮೇಹ ಸಂಘಗಳು 2005ರಲ್ಲಿ ಆಕ್ಷೇಪ ಎತ್ತಿದ್ದುಂಟು. ರೀವೆನ್ನರಿಗೇ ಆ ಹೆಸರಿನ ಉಪಯೋಗದಲ್ಲಿ ನಂಬಿಕೆ ಉಳಿದಿರಲಿಲ್ಲ. ಪಂಡಿತರಿಗೆ ಬೇಡವಿರಬಹುದು. ಮೂರು ಬಣ್ಣದ ಫೈಲು ಹಿಡಿದು ಅಲೆಯುವವನಿಗೆ ಬೇಕು.

ಇನ್ನು 'ದಪ್ಪಗಿದ್ದರೆ ತಾನೆ ಇವೆಲ್ಲ' ಎಂಬ ಸಮಾಧಾನ ನಮಗೆ ಸಲ್ಲುವುದಿಲ್ಲ. ಪುಣೆಯ ಡಾ. ಯಾಜ್ಞಿಕ್ ಅವರು 2004ರಲ್ಲಿ ತಮ್ಮ ಹಾಗೂ ತಮ್ಮ ಆಂಗ್ಲ ಮಿತ್ರ ಯುಡ್ಕಿನ್ನರ ಚಿತ್ರವನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3, ಮೈಯೊಳಗಿನ ಕೊಬ್ಬು ಮಾತ್ರ ಆಂಗ್ಲರಿಗೆ ಶೇಕಡಾ 9.1, ನಮ್ಮವರಿಗೆ 21.2. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಎಂದು ನಾವು ತಮಾಷೆ ಮಾಡುವ ಆಕೃತಿಯೇ ಅದು. ಇದರ ಬೇರು ಎಷ್ಟು ಆಳದ್ದೆಂಬುದನ್ನು ತೋರಿಸಿದ್ದು ನಮ್ಮ ಮೈಸೂರೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದ ಸಂಶೋಧಕರು 1996ರಲ್ಲಿ ವರದಿ ಮಾಡಿದಂತೆ, ಎರಡೂವರೆ ಕಿಲೋಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ಶೇಕಡಾ 11 ಮಂದಿಗೆ ಹೃದ್ರೋಗವಿದ್ದರೆ, ಮೂರು ಕಿಲೋ ಚಿಲ್ಲರೆಗಿಂತ ಹೆಚ್ಚು ತೂಗಿದವರಲ್ಲಿ ಇದ್ದುದು ಶೇಕಡಾ 3 ಮಂದಿಗೆ. ತಾಯಿ ಅರೆಹೊಟ್ಟೆಯಲ್ಲಿದ್ದಾಗ ಗರ್ಭದಲ್ಲಿ ಮಿತವ್ಯಯ ಕಲಿತ ದೇಹ, ಮುಂದೆ ಸಿಕ್ಕಿದ್ದನ್ನೆಲ್ಲ ಕೂಡಿಡುತ್ತದೆ ಎಂಬುದು ಇದರ ವಿವರಣೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ, ಉಳಿದವರಿಗೆ 59ರ ಹೊತ್ತಿಗೆ ಎಂದು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಪಾಲುಗೊಂಡಿದ್ದ 52 ದೇಶಗಳ ಅಧ್ಯಯನ ಹೇಳಿತು. ಆದುದರಿಂದ ರೋಗಿಯನ್ನು ಹೊಟ್ಟೆಬಾಕನೆಂದು ಜರೆಯುವವರ ಗುಂಪಿಗೆ ನಾನು ಸೇರಲಾರೆ. ಅವನ ಸೊಂಟದಲ್ಲಿ ಅವನ ತಾಯಿಯ ಹಸಿವೂ ಸೇರಿಕೊಂಡಿದೆ.

ನನ್ನ ತಂದೆಯವರು ಹಲಸೂರಿನಿಂದ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಗೆ ಹಳೆಯ ಮದರಾಸು ರಸ್ತೆಯಲ್ಲಿ ಸೈಕಲ್ ತುಳಿದು ಹೋಗುತ್ತಿದ್ದರು. 1948ರಲ್ಲಿ ಆರಂಭವಾದ ಆ ಕಾರ್ಖಾನೆಗೂ, ಮುಂದೆ ಬೈಯಪ್ಪನಹಳ್ಳಿಯಲ್ಲಿ ಬಂದ ಎನ್‌ಜಿಇಎಫ್‌ಗೂ ಹೊರಟ ಸೈಕಲ್ಲುಗಳು ಬೆಳಗಿನ ಸೈರನ್ನಿಗೆ ಮುಂಚೆ ಆ ರಸ್ತೆಯನ್ನು ತುಂಬಿಕೊಳ್ಳುತ್ತಿದ್ದವು. ಟಿಫಿನ್ ಕ್ಯಾರಿಯರಿನ ಮೂರು ಅಂತಸ್ತಿನಲ್ಲಿ ಎರಡು ಬರೀ ಅನ್ನ. ಆ ಅನ್ನವನ್ನು ಸಂಜೆಯೊಳಗೆ ರಸ್ತೆಯೇ ಕರಗಿಸುತ್ತಿತ್ತು. ಸೈಕಲ್ ಹೋಗಿ ಲೂನಾ ಬಂತು. ಕ್ಯಾರಿಯರಿನ ಲೆಕ್ಕ ಮಾತ್ರ ಬದಲಾಗಲಿಲ್ಲ. ನಿವೃತ್ತಿಯ ವೇಳೆಗೆ ಸಕ್ಕರೆ ಬಂತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಅದೇ ರಸ್ತೆಯಲ್ಲಿ ಇಂದು ಟಿನ್ ಫ್ಯಾಕ್ಟರಿಯ ಬಳಿ ಒಂದು ಗಂಟೆ ಕಾರಿನಲ್ಲಿ ಕೂತು, ಆಮೇಲೆ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತು, ನಡುವೆ ಬೇಕರಿಯಲ್ಲಿ ಒಂದು ಖಾರಾ ಬನ್ನು, ಎರಡು ಚಮಚ ಸಕ್ಕರೆಯ ಟೀ ಮುಗಿಸಿ, ಮತ್ತೆ ಒಂದು ಗಂಟೆ ಕೂತು ಮರಳುವ ತರುಣ ನನ್ನ ತಂದೆಗಿಂತ ಹೆಚ್ಚು ತಿನ್ನುತ್ತಾನೆಂದು ಹೇಳಲಾರೆ. ಕೂರುವುದರಲ್ಲಿ ಮಾತ್ರ ಅವರನ್ನು ಮೀರಿಸಿದ್ದಾನೆ.

ಕೂರುವ ಸುಖ, ಮಲಗುವ ಸುಖ ಇವೆರಡನ್ನೂ ಪ್ರಮೇಹದ, ಎಂದರೆ ಮಧುಮೇಹವೂ ಸೇರಿದ ರೋಗವರ್ಗದ, ಕಾರಣಗಳಲ್ಲಿ ಚರಕನು ಎಣಿಸಿದ್ದಾನೆ. ಸುಶ್ರುತನ ಚಿಕಿತ್ಸೆಯಂತೂ ಸ್ವಾರಸ್ಯವಾದುದು: ಧನಬಂಧುಗಳಿಲ್ಲದ ರೋಗಿ ಪಾದರಕ್ಷೆ, ಕೊಡೆ ಬಿಟ್ಟು ನೂರು ಯೋಜನ ನಡೆಯಬೇಕು. ನಮ್ಮ ಕೆ.ಆರ್. ಪುರದಲ್ಲಿ ಆ ರೋಗಿ ನೂರು ಗಜ ನಡೆಯುವಷ್ಟರಲ್ಲಿ ಚರಂಡಿಯ ಚಪ್ಪಡಿ, ಟ್ರಾನ್ಸ್‌ಫಾರ್ಮರು, ಫುಟ್‌ಪಾತಿನ ಮೇಲೇ ಏರಿ ಬರುವ ಸ್ಕೂಟರು ಇವುಗಳಲ್ಲೊಂದಕ್ಕೆ ಬಲಿಯಾಗಿ, ಪ್ರಮೇಹದಿಂದ ಬಿಡುಗಡೆ ಹೊಂದಿಯಾನು. ನಡಿಗೆ ಹಿರಿಯರ ಉಪದೇಶ ಮಾತ್ರವಲ್ಲ. ಚೆನ್ನೈನ ಡಾ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಪರೀಕ್ಷೆಗೆ ತೆಗೆದುಕೊಂಡು 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ ಶೇಕಡಾ 55 ಮಂದಿಗೆ ಕಾಯಿಲೆ ಬಂದರೆ, ನಡಿಗೆ ಮತ್ತು ಪಥ್ಯ ಹಿಡಿದವರಲ್ಲಿ ಅದು ಶೇಕಡಾ 39ಕ್ಕೆ ಇಳಿಯಿತು.

ಬೀದಿಯೂ ಔಷಧವಾಗಬಲ್ಲದೆಂಬುದು ಬೆಂಗಳೂರಿನ ದಂಡಿನ ಪ್ರದೇಶಕ್ಕೆ, ಎಂದರೆ ಕಂಟೋನ್ಮೆಂಟಿಗೆ, ಹೊಸ ವಿಚಾರವೇನಲ್ಲ. 1898ರ ಪ್ಲೇಗಿನಲ್ಲಿ ಕಿಕ್ಕಿರಿದ ಗಲ್ಲಿಗಳು ಬರಿದಾದ ತರುವಾಯ, ಗಾಳಿ ಬೆಳಕಿಗೆ ತೆರೆದ ಫ್ರೇಜರ್ ಟೌನಿನಂಥ ಬಡಾವಣೆಗಳು ಇಲ್ಲಿ ಎದ್ದವು. ಇಲಿಗೆ ಹೆದರಿ ಊರನ್ನೇ ಹೊಸದಾಗಿ ಕಟ್ಟಿದವರು ನಾವು. ಕುರ್ಚಿಗೆ ಹೆದರಿ ಫುಟ್‌ಪಾತಿನ ಒಂದು ಕಲ್ಲನ್ನೂ ನೆಟ್ಟಗೆ ಕೂರಿಸಿಲ್ಲ. ಸ್ವಾಮಿ ವಿವೇಕಾನಂದ ರಸ್ತೆಯಿಂದ ಕೆ.ಆರ್. ಪುರದವರೆಗೆ ಮೆಟ್ರೋ ಬಂದಿದೆ, ಸಂತೋಷ. ನಿಲ್ದಾಣದಿಂದ ಮನೆಗೆ ಮುದುಕನೂ ಬಸುರಿಯೂ ನಿರ್ಭಯವಾಗಿ ನಡೆಯುವಂತಾದರೆ, ಅದರ ಖರ್ಚನ್ನು ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಹಾಕಿದರೂ ತಪ್ಪಿಲ್ಲ.

ಅಲ್ಲಿಯತನಕ ಟೇಪಾದರೂ ಹೊರಬರಲಿ. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ಸರ್ಕಾರಿ ನಮೂನೆಯಲ್ಲಿ ಸೊಂಟದ ಸುತ್ತಳತೆಗೆ ಒಂದು ಕಾಲಮ್ಮೇ ಇದೆ. ಗುಡಿಸಲಿನ ಬಾಗಿಲಲ್ಲಿ ನಡೆಯಬಹುದಾದ ಈ ಅಳತೆ, ಸಾವಿರಾರು ರೂಪಾಯಿಯ 'ಮಾಸ್ಟರ್ ಹೆಲ್ತ್ ಚೆಕಪ್' ಮಾರುವ ಹವಾನಿಯಂತ್ರಿತ ಕೋಣೆಗಳಲ್ಲಿ ಎಷ್ಟೋ ವೇಳೆ ನಡೆಯುವುದಿಲ್ಲ. ನಾನು ಹಣ ತೆತ್ತು ಮಾಡಿಸಿಕೊಂಡ ಎರಡರಲ್ಲಿಯೂ ನಡೆಯಲಿಲ್ಲ. ತೂಕ, ಬಿಪಿಗಳ ಜೊತೆಗೆ ಸೊಂಟವನ್ನೂ ಒಂದೇ ಚೀಟಿಯಲ್ಲಿ ಬರೆಯದ ಹೊರತು ಯಾವ ದವಾಖಾನೆಯೂ ರೋಗಿಯನ್ನು ಒಳಗೆ ಬಿಡಕೂಡದೆಂದು ಕಟ್ಟಳೆ ಮಾಡಲು ಯಾವ ಯಂತ್ರವೂ ಬೇಕಿಲ್ಲ.

ಬಟ್ಟೆ ತರಲು ಹೋದ ದಿನ ದರ್ಜಿಯವರನ್ನು ಇನ್ನೊಮ್ಮೆ ಅಳೆಯುವಂತೆ ಕೇಳಿಕೊಂಡೆ. ಪಕ್ಕೆಲುಬಿನ ಕೊನೆ ಎಲ್ಲಿ, ಸೊಂಟದ ಮೂಳೆ ಎಲ್ಲಿ ಎಂದು ನಾನೇ ಬೆರಳಿಟ್ಟು ತೋರಿಸಿದೆ. ಅಭ್ಯಾಸಬಲದಿಂದ ಹೊಟ್ಟೆ ಒಳಕ್ಕೆ ಹೋಗಿತ್ತೆಂದು ಕಾಣುತ್ತದೆ. "ಉಸಿರು ಬಿಡಿ ಸಾರ್" ಎಂದರು. ಬಿಟ್ಟೆ. ಟೇಪು 38ರ ಮೇಲೆ ನಿಂತಿತು. ಅವರು ಪುಸ್ತಕ ತೆರೆದು, 34ರ ಕೆಳಗೆ ಆ ಅಂಕಿಯನ್ನು ಬರೆದು, ಮೂಲೆಗೆ ಚುಚ್ಚಲು ಪಿನ್ನು ಹಿಡಿದುಕೊಂಡು ಕೇಳಿದರು: "ಇದು ಯಾವ ಬಟ್ಟೆಗೆ ಸಾರ್?"