ಫೆರಾರಿಗೂ ಹದಿನೆಂಟು, ಬೈಕಿಗೂ ಹದಿನೆಂಟು

ಮೇಲುಹೊದಿಕೆ ಮಡಚಿಡುವ, ಇಬ್ಬರೇ ಕೂರುವ ವೇಗದ ಕಾರನ್ನು ಕೊಳ್ಳಬೇಕೆಂಬ ಆಸೆ ಅಪರಾಧವಲ್ಲ. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಅಂಥ ಕಾರನ್ನು ಮಧ್ಯಮ ವರ್ಗಕ್ಕೆ ಎಟಕುವ ಬೆಲೆಯಲ್ಲಿ ತಂದಿತು. ಅಮೆರಿಕದಲ್ಲಿ ಅದರ ಟರ್ಬೊ ಮಾದರಿಯನ್ನು ಕಂಪನಿ 2004 ಮತ್ತು 2005ರಲ್ಲಿ ಮಾತ್ರ ಮಾರಿತು. ಹುಡುಕಿಕೊಂಡು ಹೋಗಿ ಕೊಳ್ಳುವವರು ಇಂದಿಗೂ ಇದ್ದಾರೆ. ಅದು ನಮ್ಮ ದೇಶಕ್ಕೆ ಬರುವಂತಿಲ್ಲ. ಮೂರು ವರ್ಷ ದಾಟಿದ ಹಳೆಯ ಕಾರನ್ನು ಆಮದು ಮಾಡಿಕೊಳ್ಳಲು ನಿಯಮ ಬಿಡದು. ಐವತ್ತು ವರ್ಷ ದಾಟಿದ್ದರೆ ಆ ಮಾತು ಬೇರೆ.

ಬರುವ ಕಾರುಗಳು ಹೊಸವು, ಕೋಟಿಗಳ ಲೆಕ್ಕದವು. ಬೆಂಗಳೂರಿನಲ್ಲಿ ಓಡಾಡುತ್ತಿದ್ದ, ಮಹಾರಾಷ್ಟ್ರದಲ್ಲಿ ನೋಂದಣಿಯಾದ ಒಂದು ಫೆರಾರಿಯನ್ನು 2025ರ ಜುಲೈನಲ್ಲಿ ಸಾರಿಗೆ ಅಧಿಕಾರಿಗಳು ಹಿಡಿದರು. ಎರಡು ಟರ್ಬೊಗಳ ಎಂಜಿನ್ನಿನ ಕಾರು. ಗಡುವು ಕೊಟ್ಟೊಡನೆ ಸುಮಾರು 1 ಕೋಟಿ 41 ಲಕ್ಷ ರೂಪಾಯಿ ಖಜಾನೆಗೆ ಬಂದು ಬಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿಯೇ ಜಪ್ತಿ ಮಾಡಲಾಗಿತ್ತು.

ಟರ್ಬೊ ಎಂದರೆ ಮಾಯಾಯಂತ್ರವೇನಲ್ಲ. ಎಂಜಿನ್ನು ಹೊರಗೆ ಬಿಡುವ ಹೊಗೆಯ ಒತ್ತಡದಿಂದ ಒಂದು ಚಕ್ರ ತಿರುಗುತ್ತದೆ, ಆ ಚಕ್ರ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಕ್ಕೆ ನೂಕುತ್ತದೆ. ನಮ್ಮ ಅರಸೀಕೆರೆ ಹೋಬಳಿಯಿಂದ (ಹಾಸನದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದು) ಮೆಕ್ಕೆಜೋಳ ಹೊರುವ ಇಂದಿನ ಲಾರಿಗಳಲ್ಲಿಯೂ ಇರುವುದು ಅದೇ. ಲಾರಿಯವನು ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟದಿದ್ದರೆ ರಸ್ತೆಯಲ್ಲಿ ಅವನನ್ನು ಸುಮ್ಮನೆ ಬಿಡುವವರು ಯಾರು?

ಇನ್ನು ದರದ ಮಾತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡ 18. ಒಂದು ಲಕ್ಷ ಮೀರಿದ ಬೈಕಿಗೂ ಶೇಕಡ 18! ಗಿರಣಿಯ ಪಾಳಿಗೆ ಹೋಗಲೆಂದೋ, ಸಂತೆಗೆ ಬಟ್ಟೆ ಗಂಟು ಸಾಗಿಸಲೆಂದೋ ಸಾಲ ಮಾಡಿ 1 ಲಕ್ಷ 10 ಸಾವಿರದ ಬೈಕು ತಂದವನು 19,800 ರೂಪಾಯಿಯನ್ನು ಕೀಲಿಕೈ ಕೈಗೆ ಬರುವ ಮೊದಲೇ ತೆತ್ತಿರುತ್ತಾನೆ, ಸೆಸ್ಸು ಬೇರೆ. ಅವನಿಗೆ ಪರರಾಜ್ಯದ ವಿಳಾಸವಿಲ್ಲ, ಸಲಹೆಗಾರರಿಲ್ಲ. ಆ ಒಂದು ಫೆರಾರಿಯಿಂದ ಬಂದ ಹಣ ಇಂಥ ಏಳುನೂರು ಬೈಕುಗಳ ತೆರಿಗೆಗೆ ಸಮ.

ದರ ಏರಿಸಿದರೆ ಧನಿಕರು ಬೇರೆ ರಾಜ್ಯಕ್ಕೆ ಹೋಗುತ್ತಾರೆ ಎಂಬ ಬೆದರಿಕೆ ಹಳೆಯದು. ನೋಂದಣಿ ಎಲ್ಲಿಗಾದರೂ ಹೋಗಲಿ, ಕಾರು ಓಡುವುದು ನಮ್ಮ ರಸ್ತೆಯಲ್ಲಿಯೇ. ಹುಡುಕಿದರೆ ಸಿಗುತ್ತದೆ ಎಂಬುದನ್ನು ಇಲಾಖೆಯೇ ತೋರಿಸಿಕೊಟ್ಟಿದೆ. ಆದುದರಿಂದ ದುಡಿಯುವವರ ಬೈಕಿನ ಮೇಲಿನ ದರವನ್ನು ಸರ್ಕಾರ ಇಳಿಸಬೇಕು. ಕೋಟಿ ದಾಟಿದ ಕಾರಿಗೆ ಪ್ರತ್ಯೇಕವಾದ, ಹೆಚ್ಚಿನ ದರ ವಿಧಿಸಬೇಕು. ಪರರಾಜ್ಯ ನೋಂದಣಿಯ ಐಷಾರಾಮಿ ಕಾರುಗಳ ತಪಾಸಣೆ ವರ್ಷಕ್ಕೊಂದು ಕಾರ್ಯಾಚರಣೆಯಾಗಿ ಮುಗಿಯದೆ ಪ್ರತಿ ತಿಂಗಳೂ ನಡೆಯಬೇಕು. ಈ ಬೇಡಿಕೆಗಳನ್ನು ನಮ್ಮ ಶಾಸಕರ ಮುಂದಿಡಲು ಗಿರಣಿ ಕಾರ್ಮಿಕರ ಸಂಘಗಳೂ ಸಣ್ಣ ವರ್ತಕರೂ ಒಂದೇ ಅರ್ಜಿಗೆ ಸಹಿ ಹಾಕಲಿ.